ಬಿದ್ದ ಕಲ್ಲಿನ ಮೂಲ ಕಾರಣ

ಇಪ್ಪತ್ತು ಕೆ.ಜಿ.ಯ ಕಬ್ಬಿಣದ ತೂಕದ ಕಲ್ಲು ಗೆಳತಿಯ ಕೈಯಿಂದ ಜಾರಿ ಸಿಮೆಂಟು ನೆಲಕ್ಕೆ ಬಿದ್ದಾಗ ನಾನು ಮೊದಲು ನೋಡಿದ್ದು ಕಲ್ಲನ್ನು. ಅಂಚು ಮುಕ್ಕಾಗಿದೆಯೇ, ಬಣ್ಣ ಎದ್ದಿದೆಯೇ ಎಂದು ಬಗ್ಗಿ ನೋಡಿದೆ. ಆಮೇಲೆ ಅವಳ ಕಾಲನ್ನು ನೋಡಿದೆ. ಕಲ್ಲು ಅವಳ ಬೂಟಿನಿಂದ ಒಂದು ಗೇಣು ಆಚೆ ಬಿದ್ದಿತ್ತು. ಎಲ್ಲಕ್ಕಿಂತ ಕೊನೆಗೆ ಅವಳ ಮುಖ. ಈ ಕ್ರಮದ ಬಗ್ಗೆ ನನಗೆ ಸಂಶಯವಿಲ್ಲ. ಮುಂದೆ ಬರೆಯುವುದರಲ್ಲಿ ಸಂಶಯವಿಲ್ಲದ ಸಂಗತಿಗಳು ಹೆಚ್ಚಿಲ್ಲವಾದ್ದರಿಂದ ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಅದು ನಿಫಾಡ್ ಹತ್ತಿರದ ಒಂದು ದ್ರಾಕ್ಷಿ ಪ್ಯಾಕಿಂಗ್ ಶೆಡ್ಡು. ನಾವಿಬ್ಬರೂ ನಾಶಿಕದ ಸಣ್ಣ ಕ್ಯಾಲಿಬ್ರೇಶನ್ ಲ್ಯಾಬಿನವರು. ಕಾರ್ಖಾನೆಗಳ, ಗೋದಾಮುಗಳ ಅಳತೆಯ ಉಪಕರಣಗಳು ಸರಿಯಾಗಿ ತೋರಿಸುತ್ತಿವೆಯೇ ಎಂದು ಪರೀಕ್ಷಿಸಿ ಪ್ರಮಾಣಪತ್ರ ಕೊಡುವುದು ನಮ್ಮ ಕೆಲಸ. ನಾನು ಅಲ್ಲಿನ ತಾಂತ್ರಿಕ ಮುಖ್ಯಸ್ಥೆ. ತೂಕ ವಿಭಾಗ ಅವಳದು. ಆ ವಿಭಾಗದ ಪ್ರಮಾಣಪತ್ರಕ್ಕೆ ಸಹಿ ಹಾಕುವ ಅಧಿಕಾರ ಇದ್ದದ್ದು ಅವಳೊಬ್ಬಳಿಗೆ. ನಾನು ಕಲಬುರಗಿ ಜಿಲ್ಲೆಯವಳು, ಅವಳು ಬೀದರ್ ಕಡೆಯವಳು. ಒಂದೇ ಕಟ್ಟಡದಲ್ಲಿ ವಾಸ, ನಾನು ಮೇಲಿನ ಮಾಳಿಗೆ, ಅವಳು ಕೆಳಗಿನದು. ನನಗಿಂತ ಆರು ವರ್ಷ ಚಿಕ್ಕವಳು, ಅಕ್ಕ ಎನ್ನುತ್ತಿದ್ದಳು.

ಶೆಡ್ಡಿನಲ್ಲಿ ಪೆಟ್ಟಿಗೆಗಳನ್ನು ತೂಗುವ ದೊಡ್ಡ ಯಂತ್ರವಿತ್ತು. ನಮ್ಮ ವ್ಯವಹಾರದಲ್ಲಿ ಅದಕ್ಕೆ ಕಾಂಟಾ ಎನ್ನುತ್ತಾರೆ. ಅದರ ಪರೀಕ್ಷೆಗೆ ಒಂದು ಕ್ರಮವಿದೆ. ಮೊದಲು ಅದರ ಮಟ್ಟ ತೋರಿಸುವ ಗಾಜಿನೊಳಗಿನ ಗುಳ್ಳೆ ನೋಡಿ ಸಮತಟ್ಟು ಮಾಡಬೇಕು. ಅರ್ಧ ಗಂಟೆ ಚಾಲೂ ಇಟ್ಟು ಬಿಡಬೇಕು. ನಾವು ಒಯ್ದ ತೂಕದ ಕಲ್ಲುಗಳೂ ಆ ಕೋಣೆಯ ಬಿಸಿಗೆ ಹೊಂದಿಕೊಳ್ಳಬೇಕು. ಆಮೇಲೆ ಭಾರ ಏರಿಸುತ್ತ ಹೋಗಿ, ಇಳಿಸುತ್ತ ಬರಬೇಕು. ಕೊನೆಗೆ ನಾಲ್ಕು ಮೂಲೆಗಳಲ್ಲೂ ನಡುವಿನಲ್ಲೂ ಒಂದೇ ಭಾರ ಇಟ್ಟು ಒಂದೇ ಓದು, ಅಂದರೆ ಒಂದೇ ಅಂಕಿ, ಬರುತ್ತದೆಯೇ ನೋಡಬೇಕು. ಹೀಗೆ ಎತ್ತಿ ಇಳಿಸುವ ಕೆಲಸ ದಿನಕ್ಕೆ ಎಷ್ಟಾಗುತ್ತದೆಂದು ನಾನು ಎಂದೂ ಲೆಕ್ಕ ಹಾಕಿರಲಿಲ್ಲ. ಎತ್ತುವವಳು ಅವಳಾಗಿದ್ದಳು, ಓದು ಬರೆದುಕೊಳ್ಳುವವಳು ನಾನು.

ಬೆಳಿಗ್ಗೆ ಶೆಡ್ಡಿನ ಸೂಪರ್‌ವೈಸರ್ ಅವಲಕ್ಕಿ ತಂದಿದ್ದ. ಅವಳು ಉಪವಾಸವೆಂದಳು. ಮಹಾರಾಷ್ಟ್ರದಲ್ಲಿ ಈ ಮಾತು ಹೇಳಿದರೆ ತಟ್ಟೆ ದೊಡ್ಡದಾಗುತ್ತದೆ. ಅವನು ಹೋಗಿ ಸಾಬುದಾಣಿ ಖಿಚಡಿ, ಆಲೂ ಚಿಪ್ಸ್, ಬಾಳೆಹಣ್ಣು ಹೊತ್ತು ತಂದ.

“ಇದೆಲ್ಲಾ ತಿಂದ್ರ ಉಪವಾಸ ಯಾವುದ್ರಿ?” ಎಂದು ಅವಳು ನಕ್ಕಳು. ಕನ್ನಡದಲ್ಲಿ, ನನ್ನ ಕಡೆ ನೋಡಿ.

ನಾನೇ ಅವನಿಗೆ ಮರಾಠಿಯಲ್ಲಿ ತಿಳಿಸಿ ಹೇಳಿದೆ: ನಮ್ಮ ಕಡೆಯ ಒಪ್ಪತ್ತು ಬೇರೆ, ದಿನಕ್ಕೆ ಒಂದೇ ಹೊತ್ತು ಊಟ, ಅದೂ ಪೂಜೆಯಾದ ಮೇಲೆ. ಅವನು ಕೈ ಮುಗಿದ. ಅವಳ ಒಪ್ಪತ್ತಿನ ವಾರ ಸೋಮವಾರ. ಆ ದಿನ ಸೋಮವಾರವಾಗಿರಲಿಲ್ಲ ಎಂಬುದು ನನಗೆ ಗೊತ್ತಿತ್ತು.

ಕಲ್ಲು ಬಿದ್ದ ಸದ್ದಿಗೆ ಅವನೇ ಓಡಿ ಬಂದ. “ಲಾಗಲಂ ಕಾ, ತಾಯಿ?” ಪೆಟ್ಟಾಯಿತೇ ಎಂದು ಕೇಳುತ್ತ ಖಾಲಿ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಅವಳನ್ನು ಕೂರಿಸಿದ.

“ಏನಿಲ್ಲಕ್ಕಾ, ಗ್ಲೋವ್ಸ್ ಜಾರ್ತು,” ಎಂದಳು. ತುಟಿಯಲ್ಲಿ ಬಣ್ಣವಿರಲಿಲ್ಲ.

ಬಿದ್ದ ಕಲ್ಲನ್ನು ಮತ್ತೆ ಬಳಸುವಂತಿಲ್ಲ. ಅದಕ್ಕೆ ಕೆಂಪು ಚೀಟಿ ಕಟ್ಟಿ ಬೇರೆ ಇಡಬೇಕು, ಆ ದಿನದ ಓದುಗಳನ್ನು ರದ್ದು ಮಾಡಬೇಕು, ಲ್ಯಾಬಿಗೆ ಬಂದು ಒಂದು ವರದಿ ತುಂಬಬೇಕು. ಏನಾಯಿತು, ತಕ್ಷಣ ಏನು ಮಾಡಿದಿರಿ, ಮೂಲ ಕಾರಣವೇನು, ಮತ್ತೆ ಆಗದಂತೆ ಏನು ಮಾಡುವಿರಿ. ಮೂಲ ಕಾರಣದ ಎದುರು ನಾನು “ಸವೆದ ಕೈಗವಸು” ಎಂದು ಬರೆದೆ. ಆರು ಜೊತೆ ಹೊಸ ಕೈಗವಸು ತರಿಸಿದೆ. ಲ್ಯಾಬಿಗೆ ಮಾನ್ಯತೆ ಕೊಡುವ ಸಂಸ್ಥೆಯ ಪರಿಶೀಲನೆ ಆರು ವಾರ ದೂರವಿತ್ತು. ನಾವು ಅದನ್ನು ಆಡಿಟ್ ಎನ್ನುತ್ತೇವೆ. ವರದಿ ಚೊಕ್ಕವಾಗಿ ಕಾಣುತ್ತಿತ್ತು.

ಯಾರಾದರೂ ಕೇಳಿದ್ದರೆ, ಗೆಳತಿಗೆ ಹುಷಾರಿಲ್ಲವೆಂದು ನನಗೆ ತಿಳಿದದ್ದು ಆ ದಿನ ಎಂದೇ ಹೇಳುತ್ತಿದ್ದೆ. ನನ್ನ ನೆನಪು ಹಾಗೇ ಹೇಳುತ್ತದೆ. ಆದರೆ ವಿಶ್ವವಿದ್ಯಾಲಯದ ದಿನಗಳಿಂದ ಡೈರಿ ಬರೆಯುವ ಅಭ್ಯಾಸ ನನಗಿದೆ. ಮುಂದಿನ ಭಾನುವಾರ ಹಳೆಯ ಪುಟಗಳನ್ನು ತಿರುವಿದೆ. ದೀಪಾವಳಿಯ ಹಿಂದಿನ ವಾರ ಹೀಗಿದೆ: “ಇವತ್ತೂ ಊಟದ ಡಬ್ಬಿ ತೆರೆಯಲಿಲ್ಲ. ಆಡಿಟ್ ಪಟ್ಟಿ ಮುಗಿಸಬೇಕು.” ಡಿಸೆಂಬರ್‌ನಲ್ಲಿ: “ಕೆಲಸ ಮುಗಿದ ಮೇಲೆ ಕಾಂಟಾದ ಮೇಲೆ ನಿಂತಳು. ಇಳಿದು, ಸೊನ್ನೆ ಮಾಡಿ, ಮತ್ತೆ ನಿಂತಳು. ಕೈ ಮಂಜಿನಂತಿತ್ತು. ಒತ್ತಡ ವಿಭಾಗದ ಕಡತ ಬಾಕಿ.” ಹೋದ ಹೋದ ಶೆಡ್ಡುಗಳಲ್ಲಿ, ಗಿರಣಿಗಳಲ್ಲಿ ಅವಳು ಹಾಗೆ ನಿಲ್ಲುತ್ತಿದ್ದಳು. ಹೊಸದಾಗಿ ಸರಿಮಾಡಿದ ಕಾಂಟಾದ ಮೇಲೆ ಒಮ್ಮೆ ನಿಂತು ನೋಡುವುದು ನಮ್ಮವರೆಲ್ಲರ ಆಟ, ನಾನೂ ನಿಲ್ಲುತ್ತೇನೆ. ಅವಳದು ಆಟವಲ್ಲವೆಂದು ಡೈರಿ ಬರೆದ ಕೈಗೆ ಗೊತ್ತಿತ್ತು. ಅದೇ ಕೈ ಮರುಸಾಲಿನಲ್ಲಿ ಆಡಿಟ್ ಎಂದು ಬರೆದು ಮುಂದೆ ಹೋಗಿತ್ತು. ನಾಲ್ಕು ತಿಂಗಳು.

ಇದನ್ನು ಓದಿ ನಾನು ಮಾಡಿದ್ದು ಒಂದು ದೊಡ್ಡ ತಪ್ಪು. ನಮ್ಮ ಕೆಲಸದವರು ಮಾತ್ರ ಮಾಡಬಹುದಾದಂಥದ್ದು.

ಆ ವಾರದ ಶನಿವಾರ ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಅವಳನ್ನು ತೂಕದ ಕೋಣೆಗೆ ಕರೆದೆ. ಅಲ್ಲಿನ ಕಾಂಟಾ ತೋರಿಸಿ ನಿಲ್ಲು ಎಂದೆ.

“ಯಾಕ?”

“ನಿಲ್ಲು. ಇದರ ಸರ್ಟಿಫಿಕೇಟ್ ಮ್ಯಾಲ ನಿಂದೇ ಸಹಿ ಅದ. ನನ್ನ ಮಾತು ಕೇಳಬ್ಯಾಡ, ಇದರ ಮಾತರ ಕೇಳು.”

ನಿಂತಳು. ಓದು ಸ್ಥಿರವಾಗುವ ತನಕ ಇಬ್ಬರೂ ಕಾದೆವು. ಅಂಕಿ ಕಂಡರೆ ಗಾಬರಿಯಾಗುತ್ತಾಳೆ, ಅಳುತ್ತಾಳೆ, ನಾನು ಸಮಾಧಾನ ಮಾಡುತ್ತೇನೆ ಎಂದುಕೊಂಡಿದ್ದೆ. ಅವಳ ಮುಖ ಪರೀಕ್ಷೆಯ ಫಲಿತಾಂಶ ನೋಡುವ ಹುಡುಗಿಯದಾಗಿತ್ತು. ಪಾಸಾಗಿದ್ದರೂ ಸಾಲದೆನ್ನುವ ಹುಡುಗಿ.

“ಅಕ್ಕಾ, ನಿನಗಿದು ಕಮ್ಮಿ ಕಾಣಸ್ತದ. ನನಗ ಜಾಸ್ತಿ ಕಾಣಸ್ತದ,” ಎಂದಳು. “ಯಾರ ರೀಡಿಂಗ್ ಬರಕೋತಿ ಈಗ?”

ಅವಳು ಇಳಿದು ಚಪ್ಪಲಿ ಮೆಟ್ಟಿಕೊಂಡು ಹೋದಳು. ಅವಳನ್ನು ದಿನವೂ ಕಾಡುತ್ತಿದ್ದ ಅಂಕಿಯನ್ನು ನಾನೇ ಕೈಹಿಡಿದು ತೋರಿಸಿದ್ದೆ. ಹತ್ತು ದಿನ ನನ್ನೊಡನೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಕೆಲಸದ ಮಾತಿನಲ್ಲಿ “ಮೇಡಂ” ಎನ್ನತೊಡಗಿದಳು.

ಹನ್ನೊಂದನೆಯ ದಿನ ಬೆಳಿಗ್ಗೆ ನನ್ನ ಬಾಗಿಲಲ್ಲಿ ನಿಂತಿದ್ದಳು, ಒಂದು ಕೈಯಿಂದ ಚೌಕಟ್ಟು ಹಿಡಿದುಕೊಂಡು.

“ಅಕ್ಕಾ, ಒಂದ್ ಮಾಳಿಗಿ ಹತ್ತೋದ್ರಾಗ ಎದಿ ಡಬಡಬ ಅನ್ಲತ್ತದ. ಅಂಜಿಕಿ ಬರ್ಲತ್ತದ ನನಗ. ಡಾಕ್ಟರ್ ಕಡಿ ಹೋಗ್ಬೇಕು. ನೀ ಬರ್ತಿ?”

ಕೇಳಿದವಳು ಅವಳು. ಇದನ್ನು ಬರೆದಿಡಬೇಕು, ಏಕೆಂದರೆ ಲ್ಯಾಬಿನಲ್ಲಿ ಈಗ ನಾನು ಅವಳನ್ನು ಉಳಿಸಿದೆ ಎಂಬಂತೆ ಮಾತಾಡುತ್ತಾರೆ.

ನಾಶಿಕದ ವೈದ್ಯರು ರಕ್ತ, ಎದೆ ಎರಡನ್ನೂ ಪರೀಕ್ಷಿಸಿದರು. ಈ ಉಣ್ಣದಿರುವುದು ಹಟವಲ್ಲ, ಭಕ್ತಿಯೂ ಅಲ್ಲ, ಕಾಯಿಲೆ ಎಂದರು. ಮನೋವೈದ್ಯರೂ ಆಹಾರ ತಜ್ಞರೂ ಕೂಡಿ ನೋಡಬೇಕು, ಮನೆಯವರು ಜೊತೆಗಿದ್ದರೆ ಒಳ್ಳೆಯದು ಎಂದರು. ಅವಳ ಅಣ್ಣ ಸಂಭಾಜಿನಗರದಲ್ಲಿ ಬಟ್ಟೆ ವ್ಯಾಪಾರಿ, ತಾಯಿ ಅವನ ಬಳಿ ಇದ್ದರು. ವೈದ್ಯರು ಅಲ್ಲಿನ ಮನೋವೈದ್ಯೆಯೊಬ್ಬರಿಗೆ ಪತ್ರ ಬರೆದು ಕೊಟ್ಟರು. ಮರುದಿನವೇ ಯೇವಲಾ, ವೈಜಾಪುರದ ಮೇಲೆ ಹೋಗುವ ಬಸ್ಸು ಹತ್ತಿದೆವು.

ಕ್ಲಿನಿಕ್ಕಿನ ನರ್ಸ್ ತೂಕದ ಯಂತ್ರ ತೋರಿಸಿ, ಅಂಕಿಗೆ ಬೆನ್ನು ಮಾಡಿ ನಿಲ್ಲಲು ಹೇಳಿದಳು. ಗೆಳತಿ ನಿಲ್ಲಲಿಲ್ಲ. ಬಗ್ಗಿ ಯಂತ್ರದ ಪಕ್ಕದ ಚೀಟಿ ಓದಿದಳು.

“ಇದರ ಸ್ಟಿಕರ್ ತಾರೀಖು ಮುಗದು ವರ್ಷ ಆಗ್ಯದ. ಲೆವೆಲ್ ಸೈತ ಇಲ್ಲ. ಇದರ ರೀಡಿಂಗ್ ನಾ ಒಪ್ಪಂಗಿಲ್ಲ.”

ನಾನು ಮರಾಠಿಯಲ್ಲಿ ಹೇಳಿದೆ. ನರ್ಸ್ ಸೊಂಟದ ಮೇಲೆ ಕೈಯಿಟ್ಟು, ಹಾಗಾದರೆ ನೀವೇ ಸರಿಮಾಡಿ ಕೊಡಿ ತಾಯಿ, ಬಿಲ್ಲು ಡಾಕ್ಟರಿಗೆ ಕಳಿಸಿ ಎಂದಳು. ಮೂವರೂ ನಕ್ಕೆವು. ಒಳಬಾಗಿಲಲ್ಲಿ ನಿಂತಿದ್ದ ವೈದ್ಯೆ ನಗಲಿಲ್ಲ. ಐವತ್ತು ದಾಟಿದವರು, ಸಣ್ಣ ದನಿ. ಹಿಂದಿಯಲ್ಲಿ ಹೇಳಿದರು: “ಇದು ತಪ್ಪು ತೋರಿಸಿದರೂ ಪ್ರತಿ ವಾರ ಒಂದೇ ತಪ್ಪು ತೋರಿಸುತ್ತದೆ, ನನಗೆ ಅಷ್ಟು ಸಾಕು. ಇವತ್ತಿನಿಂದ ಅಂಕಿ ನನ್ನ ಬಳಿ ಇರುತ್ತದೆ. ನೀನು ಅದನ್ನು ಹೊರಬೇಕಾಗಿಲ್ಲ.” ಗೆಳತಿ ಬೆನ್ನು ಮಾಡಿ ನಿಂತಳು.

ಅವಳ ಒಪ್ಪಿಗೆ ಕೇಳಿ, ಅವಳೆದುರಿಗೇ ವೈದ್ಯೆ ನನಗೆ ಕೆಲವು ಮಾತು ಹೇಳಿದರು. ಅವಳ ಮೈ ಬಗ್ಗೆ ಏನೂ ಹೇಳಬೇಡಿ, ಮೆಚ್ಚುಗೆಯನ್ನೂ. ತಿಂದದ್ದನ್ನು ಎಣಿಸಬೇಡಿ. ಜೊತೆಗೆ ಕೂತು ಉಣ್ಣಿ, ಊಟದ ಮಾತು ಬಿಟ್ಟು ಬೇರೆ ಮಾತಾಡಿ. ಊಟವಾದ ಮೇಲೂ ಸ್ವಲ್ಪ ಹೊತ್ತು ಜೊತೆಗಿರಿ. ಮತ್ತೆ, ಈ ಹೃದಯ ಸದ್ಯ ಭಾರ ಎತ್ತುವ ಸ್ಥಿತಿಯಲ್ಲಿಲ್ಲ. ಕೆಲವು ತಿಂಗಳು ಕೆಲಸ ಬೇಡ, ಆಮೇಲೂ ತೂಕದ ಯಂತ್ರಗಳಿಂದ ದೂರವಿರಲಿ.

ಆಗ ನಾನು ಕೇಳಿದೆ, “ಇನ್ನು ಮೂರು ವಾರದಲ್ಲಿ ಆಡಿಟ್ ಇದೆ. ಅದು ಮುಗಿಯುವ ತನಕ...”

“ಆಡಿಟರ್ ಬರುವ ದಿನ ಹೇಳಿ,” ಎಂದರು ವೈದ್ಯೆ. “ಅಲ್ಲಿಯವರೆಗೆ ತಡೆದುಕೋ ಎಂದು ಇವಳ ಹೃದಯಕ್ಕೆ ಚೀಟಿ ಬರೆದು ಕೊಡುತ್ತೇನೆ.”

ನಾನು ಆ ಪ್ರಶ್ನೆ ಕೇಳಿದ್ದು ನಿಜವೇ, ಅಥವಾ ಮನಸ್ಸಿನಲ್ಲಿ ಅಂದುಕೊಂಡದ್ದನ್ನು ಕೇಳಿದೆನೆಂದು ಈಗ ನೆನೆಯುತ್ತಿದ್ದೇನೆಯೇ ಎಂದು ಗೆಳತಿಯನ್ನು ಆಮೇಲೆ ವಿಚಾರಿಸಿದ್ದೇನೆ. ಕೇಳಿದಿ, ಎಂದಿದ್ದಾಳೆ.

ಅಣ್ಣನ ಮನೆಗೆ ಹೋಗುವ ಆಟೋದಲ್ಲಿ ಅವಳೂ ಅದನ್ನೇ ಹಿಡಿದಳು. “ನಾ ಇಲ್ಲಂದ್ರ ತೂಕ ವಿಭಾಗ ಹೋತು. ಏಳ್ ವರ್ಷ ಕಟ್ಟೀನಕ್ಕಾ. ಮೂರು ವಾರ ತಡೀತೀನಿ. ಎತ್ತಲಿಕ್ಕಿ ಯಾರ್ನರ ಇಟ್ಕೋ, ನಾ ನಿಂತು ಬರೀ ಸಹಿ ಹಾಕ್ತೀನಿ.” ನನ್ನೊಳಗಿನ ಮುಖ್ಯಸ್ಥೆಗೆ ಆ ಮಾತು ಹಿತವಾಗಿತ್ತು. ಹಿತವಾದದ್ದು ಕಂಡೇ ನನಗೆ ಹೆದರಿಕೆಯಾಯಿತು.

ಸೋಮವಾರ ನಾಶಿಕಕ್ಕೆ ಬಂದು ಎರಡು ಕಾಗದ ತಯಾರಿಸಿದೆ. ಒಂದು, ತೂಕ ವಿಭಾಗವನ್ನು ನಾವಾಗಿಯೇ ಮಾನ್ಯತೆಯಿಂದ ಸದ್ಯಕ್ಕೆ ಹಿಂದೆ ತೆಗೆದುಕೊಳ್ಳುತ್ತೇವೆ ಎಂಬ ಅರ್ಜಿ. ಇನ್ನೊಂದು, ಬಿದ್ದ ಕಲ್ಲಿನ ಬಗ್ಗೆ ಬರೆದು ಮುಗಿಸಿದ್ದ ವರದಿ. ಅದನ್ನು ಮತ್ತೆ ತೆರೆದು ಸವೆದ ಕೈಗವಸನ್ನು ಹೊಡೆದುಹಾಕಿ ಬರೆದೆ: “ಭಾರ ಎತ್ತುವ ಶಕ್ತಿ ತಂತ್ರಜ್ಞರಿಗೆ ಆ ದಿನ ಇರಲಿಲ್ಲ. ತಾಂತ್ರಿಕ ಮುಖ್ಯಸ್ಥೆ ಅದನ್ನು ಮೊದಲೇ ಗಮನಿಸಿಯೂ ಕೆಲಸಕ್ಕೆ ಕರೆದೊಯ್ದರು.” ಕಾಯಿಲೆಯ ಹೆಸರಿಲ್ಲ. ಕಳಿಸುವ ಮೊದಲು ಫೋನಿನಲ್ಲಿ ಅವಳಿಗೆ ಓದಿ ಹೇಳಿದೆ.

ಅವಳು ಕೇಳಿಸಿಕೊಂಡು ಹೇಳಿದಳು, “ಬಿದ್ದ ಕಲ್ಲಿನ ಗತಿ ಮಾಡ್ದಿ ನನಗ. ಕೆಂಪು ಚೀಟಿ ಕಟ್ಟಿ ಬಾಜೂಕ ಇಟ್ಟಿ.”

“ನನ್ನ ಹೆಸರಿಗಿ ಕಟ್ಟೀನಿ ಚೀಟಿ.”

“ಸುಳ್ಳು. ಸಹಿ ನಿಂದು ಉಳೀತು, ನಂದು ಹೋತು.”

ಅವಳು ಹೇಳಿದ್ದು ಸರಿಯಾಗಿತ್ತು. ವರದಿಯ ಮಾತು ಬದಲಿಸಬೇಡ ಎನ್ನಲಿಲ್ಲ ಅವಳು. ಕಳಿಸು ಎಂದೂ ಹೇಳಲಿಲ್ಲ. “ನಿನಗ್ಯಾವುದು ಖರೇ ಅನಸ್ತದೋ ಬರಿ,” ಎಂದು ಇಟ್ಟುಬಿಟ್ಟಳು. ಅದನ್ನು ಒಪ್ಪಿಗೆ ಎಂದು ತೆಗೆದುಕೊಂಡೆ. ಅದು ಒಪ್ಪಿಗೆಯೇ ಎಂದು ಇವತ್ತಿಗೂ ಖಾತ್ರಿಯಿಲ್ಲ.

ಲ್ಯಾಬಿನ ಮಾಲಕರು ಕಾಗದ ಓದಿ ಕನ್ನಡಕ ತೆಗೆದರು. “ಮೇಡಂ, ಆಡಿಟ್‌ನಲ್ಲಿ ಕೇಳದ ಪ್ರಶ್ನೆಗೆ ಉತ್ತರ ಬರೆದವರನ್ನು ಮೊದಲ ಸಲ ನೋಡುತ್ತಿದ್ದೇನೆ,” ಎಂದರು ಮರಾಠಿಯಲ್ಲಿ. ಸಹಿ ಹಾಕಿದರು. ಒಂದು ವಾರ ನನ್ನೊಂದಿಗೆ ಮಾತಾಡಲಿಲ್ಲ. ಬಂದ ಆಡಿಟರ್ ಆ ವರದಿಯ ಬಗ್ಗೆ ಕೇಳಿದ್ದು ಎರಡೇ ಪ್ರಶ್ನೆ: “ಗಮನಿಸಿದ್ದು ಯಾವಾಗ?” ದೀಪಾವಳಿಗೆ ಎಂದೆ. “ಕಲ್ಲು ಬಿದ್ದದ್ದು?” ಫೆಬ್ರವರಿ. ತಲೆಯೆತ್ತದೆ ಬರೆದುಕೊಂಡರು. ಉಳಿದ ವಿಭಾಗಗಳು ಪಾಸಾದವು.

ಆ ಮೇಲಿನ ತಿಂಗಳುಗಳಲ್ಲಿ ನನ್ನ ನಿಜವಾದ ಕೆಲಸ ಭಾನುವಾರಗಳದ್ದು. ಶನಿವಾರ ಸಂಜೆ ಬಸ್ಸು ಹಿಡಿದು ಹೋಗುವುದು, ಮರುದಿನ ಮಧ್ಯಾಹ್ನ ಅವಳ ಜೊತೆ ಊಟಕ್ಕೆ ಕೂರುವುದು, ವಾಪಸಾಗುವುದು. ಇಷ್ಟು ಸರಳವಾದದ್ದು ಇಷ್ಟು ಕಷ್ಟವಾಗಬಹುದೆಂದು ಗೊತ್ತಿರಲಿಲ್ಲ.

ಅವಳ ತಾಯಿಗೆ ಮೊದಮೊದಲು ನನ್ನ ಮೇಲೆಯೇ ಸಿಟ್ಟು. “ನಮ್ಮ ಮನ್ಯಾಗ ಉಣ್ಣಲಿಕ್ಕಿ ಏನ್ ಕಮ್ಮಿ ಮಾಡೀವಿ ತಾಯಿ? ನಾಶಿಕದಾಗ ನೀ ಇದ್ದಿ ಅಂತ ನಾ ಬೇಫಿಕರ್ ಇದ್ದೆ.” ಸೋಮವಾರದ ಒಪ್ಪತ್ತನ್ನು ಮಗಳಿಗೆ ಚಿಕ್ಕಂದಿನಲ್ಲಿ ಕಲಿಸಿದವರು ಅವರೇ. ಅದು ಯಾವಾಗ ಮಂಗಳವಾರಕ್ಕೆ, ಗುರುವಾರಕ್ಕೆ ಹಬ್ಬಿತೆಂದು ಅವರಿಗೆ ತಿಳಿದಿರಲಿಲ್ಲ. ಫೋನಿನಲ್ಲಿ ಮಗಳು ಒಪ್ಪತ್ತು ಎಂದಾಗಲೆಲ್ಲ ಹೆಮ್ಮೆ ಪಟ್ಟಿದ್ದರು. ಈ ಮನೆಯಲ್ಲಿ ಸದ್ಯ ಯಾರೂ ಉಪವಾಸ ಮಾಡದಿದ್ದರೆ ಒಳ್ಳೆಯದು ಎಂದು ವೈದ್ಯೆ ಸೂಚಿಸಿದರು. ನಾನು ಹಿಂಜರಿಯುತ್ತಲೇ ಕೇಳಿದೆ, “ಅಮ್ಮಾ, ನಿಮಗ ಆಗ್ತದೇನ್ರಿ?” ನಲವತ್ತು ವರ್ಷ ಒಂದು ಸೋಮವಾರವೂ ತಪ್ಪಿಸದವರು. ಸೆರಗಿನಿಂದ ಮುಖ ಒರೆಸಿಕೊಂಡು, “ಶಿವಗ ನಾ ಹೇಳ್ಕೋತೀನಿ,” ಎಂದರು. ಆ ಸೋಮವಾರ ಮಧ್ಯಾಹ್ನ ಮಗಳ ಎದುರು ಕೂತು ಉಂಡರಂತೆ.

ಆದರೂ ಮೊದಲ ಮೂರು ಭಾನುವಾರ ಕೆಟ್ಟವು. ತಾಯಿಯ ಕಣ್ಣು ಮಗಳ ಕೈಯಿಂದ ಸರಿಯುತ್ತಿರಲಿಲ್ಲ. ನಾನು ಮಾತಾಡಬೇಕೆಂದು ಮಾತಾಡುತ್ತಿದ್ದೆ, ಅದು ಮಾತಿನಂತೆ ಕೇಳುತ್ತಿರಲಿಲ್ಲ. ಎರಡನೆಯ ಭಾನುವಾರ ಅವಳು ಒಂದು ತುತ್ತು ಹೆಚ್ಚು ತಿಂದದ್ದು ಕಂಡು ಬಾಯಿ ತಡೆಯದೆ “ಶಾಬಾಸ್” ಎಂದುಬಿಟ್ಟೆ. ತಟ್ಟೆ ಸರಿಸಿ ಎದ್ದಳು. “ಸಾಲಿ ಹುಡುಗಿ ಏನ್ ನಾ?”

ಮೇ ತಿಂಗಳಲ್ಲಿ ರಕ್ತದ ಉಪ್ಪಿನಂಶ ಏರುಪೇರಾಗಿ ಒಂದು ವಾರ ಆಸ್ಪತ್ರೆಯಲ್ಲಿರಬೇಕಾಯಿತು. ಆ ವಾರ ಮೂರು ಸಲ ಹೋಗಿ ಬಂದೆ. ಎರಡು ಸಲ ಅವಳು ನನ್ನನ್ನು ನೋಡಲು ಒಪ್ಪಲಿಲ್ಲ. ಹೊರಗಿನ ಬೆಂಚಿನಲ್ಲಿ ಅವಳ ತಾಯಿಯ ಪಕ್ಕ ಕೂತು ಬಂದೆ. ಕೆಲಸ ಬಿಡಿಸದಿದ್ದರೆ ಅವಳು ಇಷ್ಟು ಕುಸಿಯುತ್ತಿರಲಿಲ್ಲವೇ ಎಂದು ವೈದ್ಯೆಯನ್ನು ಕೇಳಿದೆ. “ಗೊತ್ತಿಲ್ಲ,” ಎಂದರು. “ಬಿಡಿಸಿದ್ದರಿಂದ ಇಲ್ಲಿ ಆಸ್ಪತ್ರೆಯಲ್ಲಿ ಕುಸಿದಳು. ಬಿಡಿಸದಿದ್ದರೆ ಎಲ್ಲಿ ಕುಸಿಯುತ್ತಿದ್ದಳೋ.” ನನ್ನ ಉದ್ಯೋಗದಲ್ಲಿ ಪ್ರತಿ ಓದಿನ ಜೊತೆ ಅದರ ಅನಿಶ್ಚಿತತೆಯನ್ನೂ ಬರೆಯುತ್ತೇವೆ. ಗೊತ್ತಿಲ್ಲ ಎಂಬ ಮಾತನ್ನು ಅಷ್ಟು ನೇರವಾಗಿ ಹೇಳಿದವರನ್ನು ನಾನು ಹೆಚ್ಚು ನೋಡಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಒಂದು ತಿಂಗಳು ಬರಬೇಡ ಎಂದಳು. ಹೋಗಲಿಲ್ಲ. ವಾರಕ್ಕೊಮ್ಮೆ ಲ್ಯಾಬಿನ ಸುದ್ದಿ ಮಾತ್ರ ಬರೆದು ಕಳಿಸುತ್ತಿದ್ದೆ. ಯಾರು ಯಾರ ಮೇಲೆ ಕೂಗಾಡಿದರು, ಯಾವ ಎಸಿ ಕೆಟ್ಟಿತು. ಉತ್ತರ ಬರುತ್ತಿರಲಿಲ್ಲ. ಜುಲೈನಲ್ಲಿ ಒಂದು ಸಾಲು ಬಂತು: “ಐತವಾರ ಬಾ. ಅವ್ವ ಕೇಳ್ಲತ್ತಾಳ.”

ಕೇಳುತ್ತಿದ್ದುದು ಅವ್ವನೋ ಅವಳೋ ಎಂದು ವಿಚಾರಿಸದೆ ಹೋದೆ. ಹೆಸರುಬೇಳೆ ಪಲ್ಯ, ಚಪಾತಿ, ಅನ್ನ, ಸಾರು. ಆಹಾರ ತಜ್ಞೆ ಹೇಳಿದಷ್ಟನ್ನು ಅಣ್ಣ ಬಡಿಸಿದ. ಅವಳು ನಿಧಾನವಾಗಿ, ಕಷ್ಟಪಟ್ಟು, ಕೆಲಸದಂತೆ ಉಣ್ಣುತ್ತಿದ್ದಳು. ಅರ್ಧಕ್ಕೆ ಕೈ ನಿಂತಿತು. ಆಡುತ್ತಿದ್ದ ಮಾತನ್ನು ನಾನು ಅಲ್ಲಿಗೇ ಬಿಟ್ಟೆ.

“ಮಾತಾಡು,” ಎಂದಳು ಗೆಳತಿ, ತಟ್ಟೆಯನ್ನೇ ನೋಡುತ್ತ. “ನಿಲ್ಲಸಬ್ಯಾಡ.”

ಬೇರೇನೂ ಹೊಳೆಯದೆ ಆ ವಾರದ ಗೋಳು ಹೇಳತೊಡಗಿದೆ. ಒತ್ತಡ ಅಳೆಯುವ ಮೀಟರುಗಳನ್ನು ಪರೀಕ್ಷಿಸುವ ಪಂಪಿನ ಕೀಲಿನಲ್ಲಿ ಎಣ್ಣೆ ಜಿನುಗುತ್ತಿತ್ತು. ಬಿಚ್ಚಿ, ಕೊಳವೆಯ ಸುರುಳಿ ಎಳೆಯ ಮೇಲೆ ಹೊಸ ಬಿಳಿ ಟೇಪು ಸುತ್ತಿ ಬಿಗಿ ಮಾಡಿದೆ, ಜಿನುಗಿತು. ಇನ್ನೂ ಬಿಗಿ ಮಾಡಿದೆ, ಟೇಪು ಮುದ್ದೆಯಾಗಿ ಹೊರಗೆ ಬಂತು.

“ಉಲ್ಟಾ ಸುತ್ತೀದಿ,” ಎಂದಳು.

“ಇಲ್ಲ.”

“ಸುತ್ತೀದಿ. ಎಡಗೈಲೆ ಹಿಡದು ಸುತ್ತಾಕಿ ನೀ, ನನಗ ಗೊತ್ತಿಲ್ಲೇನು? ನಟ್ಟು ಬಿಗಿ ಮಾಡ್ಲಿಕ್ಕಿ ಹ್ಯಾಂಗ ತಿರುಗಸ್ತಿ, ಹಂಗೇ ಸುತ್ತಬೇಕು. ಇಲ್ದಿದ್ರ ನೀ ತಿರುಗಸ್ದಂಗ ಅದು ಬಿಚ್ಕೋತ ಹೋಗ್ತದ. ಇಲ್ಲಿ ನೋಡು.”

ಚಪಾತಿಯಿಂದ ಉದ್ದಕ್ಕೆ ಒಂದು ಪಟ್ಟಿ ಹರಿದು, ಎಡಗೈಯ ತೋರುಬೆರಳಿಗೆ ಸುತ್ತಿ ತೋರಿಸಿದಳು. ಸುತ್ತು ಮುಗಿಸಿ, ಬೆರಳಿನಿಂದ ಕಳಚಿ, ಬಾಯಿಗೆ ಹಾಕಿಕೊಂಡು, “ತಿಳೀತು?” ಎಂದಳು. ಅಗಿಯುತ್ತಲೇ.

ತಾಯಿ ಏನೋ ಹೇಳಲು ಬಾಯಿ ತೆರೆದರು. ನಾನು ಅವರ ಕಡೆ ನೋಡಲಿಲ್ಲ.

“ಎಡಕ್ಕಾ, ಬಲಕ್ಕಾ?” ಎಂದೆ. “ಇನ್ನೊಮ್ಮೆ ತೋರ್ಸು.”

ಅವಳು ಅಗಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಎಷ್ಟೋ ತಿಂಗಳ ಮೇಲೆ ನೇರವಾಗಿ ನೋಡಿದ್ದು.

“ತಿಳದೂ ಕೇಳ್ಲತ್ತಿ ನೀ,” ಎಂದಳು. ಮತ್ತೊಂದು ಪಟ್ಟಿ ಹರಿದಳು.